ನಾಲ್ಕನೇ ಸಾಲು

ಊಟಕ್ಕೆ ಮೊದಲೇ ಹೇಳಿಬಿಡಬೇಕು. ಎದುರುಬದುರು ಕೂತು ಉಣ್ಣುವಾಗ ಅವಳು ತನ್ನ ತಟ್ಟೆ ಮರೆತು ಅವನ ಬಾಯಿಯನ್ನೇ ನೋಡುತ್ತಾಳೆ. ಆಗ ಮಾತು ಹೊರಡುವುದಿಲ್ಲ. ನಿಂತುಕೊಂಡು, ಬೆನ್ನು ಹಾಕಿಕೊಂಡು, ಕೈಯಲ್ಲೊಂದು ಕೆಲಸ ಇಟ್ಟುಕೊಂಡು ಹೇಳಿದರೆ ಸುಲಭ. ಅಂದರೆ ಈಗಲೇ ಹೇಳಬಹುದು. ಕೈಯಲ್ಲಿ ಸೂಜಿಯಿದೆ, ಸೂಜಿಯ ಮೊನೆಯಲ್ಲಿ ಜೇನಿದೆ, ಬೆನ್ನ ಹಿಂದೆ ಸ್ಟೂಲಿನ ಮೇಲೆ ಅಕ್ಕ ಕೂತಿದ್ದಾಳೆ.

ಅವನು ಹತ್ತಿಯ ಬಿರಡೆ ತೆಗೆದ. ಗಾಜಿನ ಕೊಳವೆಯ ಒಳಗೋಡೆಗೆ ಕೂದಲೆಳೆಯಷ್ಟು ಸಣ್ಣದೊಂದು ಜೇನಿನ ಗೆರೆ ಎಳೆದ. ಬಿರಡೆ ಮುಚ್ಚಿ ಮುಂದಿನ ಕೊಳವೆ ಎತ್ತಿಕೊಂಡ. ಗೆರೆ ಸ್ವಲ್ಪ ದಪ್ಪವಾದರೂ ಒಳಗಿರುವ ಕಡಜ ಅದಕ್ಕೇ ಅಂಟಿಕೊಂಡು ಸಾಯುತ್ತದೆ. ಸೊಳ್ಳೆಗಿಂತ ಚಿಕ್ಕ ಕಡಜ. ಅದರ ಊಟಕ್ಕೆ ಒಂದು ಅಂದಾಜು ಬೇಕು. ಹದಿಮೂರು ವರ್ಷದಿಂದ ಇದೇ ಗೆರೆ ಎಳೆಯುತ್ತಿರುವ ಕೈಗೆ ಈಗ ತಲೆಯ ಸಹಾಯ ಬೇಕಾಗಿರಲಿಲ್ಲ. ತಲೆ ಬೇರೆ ಕಡೆ ವಾಕ್ಯ ಜೋಡಿಸುತ್ತಿತ್ತು.

'ಅಕ್ಕ, ಸದ್ಯಕ್ಕೆ ಬೇಡ.' ಸದ್ಯಕ್ಕೆ ಎಂದರೆ ಮುಂದೆ ಎಂದಾದರೂ ಬರಬಹುದು ಎಂದಾಗುತ್ತದೆ. 'ಅಕ್ಕ, ನಮ್ಮ ಮನೆ ಚಿಕ್ಕದು.' ಮನೆ ಚಿಕ್ಕದಲ್ಲ. ಮೂರು ಕೋಣೆ, ಅವನು ಮತ್ತು ಹೆಂಡತಿ ಇಬ್ಬರೇ. ಮಕ್ಕಳು ಬೇಡವೆಂದು ಅವನೇ ತೀರ್ಮಾನಿಸಿದ್ದರಿಂದ ಮೂರನೆಯ ಕೋಣೆಯಲ್ಲಿ ಅವನ ಹಳೆಯ ಪತ್ರಿಕೆಗಳು ವಾಸವಾಗಿದ್ದವು.

ಅಕ್ಕನಿಗೆ ಈ ತಿಂಗಳ ಕೊನೆಗೆ ನಿವೃತ್ತಿ. ಬಾಟಲಿ ಕಾರ್ಖಾನೆಯ ವಸತಿಮನೆ ಅಂದೇ ಖಾಲಿ ಮಾಡಬೇಕು. ಹದಿನೈದು ದಿನದ ಹಿಂದೆ ಫೋನು ಮಾಡಿ, ಹವಾಮಾನ ಕೇಳಿ, ಅವನ ಕೆಮ್ಮು ಕೇಳಿ, ಕೊನೆಗೆ ಫೋನು ಇಡುವ ಮುಂಚೆ ಕೇಳಿದ್ದಳು: "ಪುಟ್ಟಾ, ನಾನು ನಿಮ್ಮ ಹತ್ರ ಬಂದು ಇರಲಾ?" ಅವನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. "ಒಂದು ದಿನ ಬಾ, ಮಾತಾಡೋಣ" ಎಂದಿದ್ದ. ಆ ಒಂದು ದಿನ ಇವತ್ತು. ಬೆಳಿಗ್ಗೆ ಎಂಟಕ್ಕೆ ಬಸ್ಸಿಳಿದವಳನ್ನು ಮನೆಗೆ ಕರೆದುಕೊಂಡು ಹೋಗದೆ ಸೀದಾ ಪ್ರಯೋಗಾಲಯಕ್ಕೆ ಕರೆತಂದಿದ್ದ. "ಅವಳು ಪಾಠ ಮಾಡೋಕೆ ಸ್ಕೂಲಿಗೆ ಹೋಗಿದ್ದಾಳೆ, ಮನೆ ಬೀಗ ಹಾಕಿದೆ. ಸಂಜೆ ಹೋಗೋಣ" ಎಂದಿದ್ದ. ಬೀಗದ ಕೈ ಅವನ ಪ್ಯಾಂಟಿನ ಜೇಬಿನಲ್ಲೇ ಇತ್ತು.

ಕೊನೆಯ ಕೊಳವೆಗೂ ಗೆರೆ ಎಳೆದು ಸೂಜಿಯನ್ನು ನೀರಿನಲ್ಲಿ ಅದ್ದಿದ. ಪುಸ್ತಕದಲ್ಲಿ ಏನು ಬರೆಯಬೇಕೋ ಬರೆದ.

"ಪುಟ್ಟಾ, ಇವು ಏನು?" ಅಕ್ಕ ಸ್ಟೂಲಿನಿಂದ ಎದ್ದು ಬಂದು ಅವನ ಪಕ್ಕ ನಿಂತಳು.

ಇಲ್ಲಿ ಪುಟ್ಟಾ ಎನ್ನಬೇಡ ಎಂದು ಬಾಗಿಲಲ್ಲೇ ಹೇಳಿದ್ದ. ಅವಳು ತಲೆಯಾಡಿಸಿದ್ದಳು. ಪುಣ್ಯಕ್ಕೆ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಕಡಜ. ಹಿಟ್ಟಿನ ಗೋದಾಮಿಗೆ ಹುಳ ಬೀಳತ್ತಲ್ಲ, ಅದನ್ನ ಕೊಲ್ಲೋಕೆ ಇವನ್ನ ಸಾಕ್ತೀವಿ."

"ಇಷ್ಟು ಸಣ್ಣದು ಹುಳಾನ ತಿನ್ನತ್ತಾ?"

"ತಾಯಿ ತಿನ್ನಲ್ಲ. ಹುಳಕ್ಕೆ ಚುಚ್ಚಿ, ಅದರ ಮೈಮೇಲೆ ಮೊಟ್ಟೆ ಇಡತ್ತೆ. ಮೊಟ್ಟೆಯಿಂದ ಬಂದ ಮಕ್ಕಳು ತಿಂತವೆ."

"ಜೀವ ಇರೋ ಹುಳಾನ?"

"ಜೀವ ಇರತ್ತೆ. ಅಲ್ಲಾಡೋಕಾಗಲ್ಲ, ಅಷ್ಟೆ."

"ಪಾಪ" ಎಂದಳು ಅಕ್ಕ. ಯಾರಿಗೆ ಎಂದು ಹೇಳಲಿಲ್ಲ.

ಅವನಿಗೆ ಒಂದು ಬಗೆಯ ನಿರಾಳವಾಯಿತು. ಕಡಜದ ವಿಷಯ ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದು. ಕೊಳವೆಗಳ ಸ್ಟ್ಯಾಂಡುಗಳನ್ನು ಬೆರಳಿನಲ್ಲಿ ತೋರಿಸುತ್ತಾ ವಿವರಿಸಿದ. ಒಂದನೇ ಸಾಲಿಗೆ ಜೇನು. ಎರಡನೆಯದಕ್ಕೆ ಸಕ್ಕರೆ ನೀರು. ಮೂರನೆಯದಕ್ಕೆ ಜೇನೂ ಉಂಟು, ದಿನಕ್ಕೊಂದು ಹುಳುವೂ ಉಂಟು. ಮೊಟ್ಟೆಯಿಡುವ ಮೊದಲು ತಾಯಿ ಹುಳುವಿನ ಮೈಯಿಂದ ಒಂದು ಗುಟುಕು ರಸ ಕುಡಿಯುತ್ತದೆ, ಆ ರಸದಿಂದಲೇ ಹೊಸ ಮೊಟ್ಟೆ ಕಟ್ಟುತ್ತದೆ. ನಾಲ್ಕನೇ ಸಾಲಿಗೆ ಬರೀ ನೀರು.

"ಬರೀ ನೀರಾ?"

"ಹೂಂ. ಉಪವಾಸದ ಸಾಲು. ಅದಿಲ್ಲದಿದ್ರೆ ಊಟದಿಂದ ಏನಾಯ್ತು ಅಂತ ಗೊತ್ತಾಗೋದು ಹೇಗೆ?"

"ಹಸಿದ್ರೆ ಏನಾಗತ್ತೆ, ಸಾಯತ್ತಾ?"

"ತಕ್ಷಣ ಸಾಯಲ್ಲ. ಹೊಟ್ಟೇಲಿ ಮೊಟ್ಟೆ ಇರತ್ತಲ್ಲ, ಅದನ್ನ ಕರಗಿಸ್ಕೊಳ್ಳತ್ತೆ. ಅದರಿಂದ ಇನ್ನೆರಡು ದಿನ ಬದುಕತ್ತೆ."

"ತನ್ನ ಮೊಟ್ಟೇನ ತಾನೇನಾ?"

"ತಾನೇ. ಒಂದೊಂದಾಗಿ. ಕೊನೆಗೆ ಹೊಟ್ಟೆ ಬಿಡಿಸಿ ನೋಡಿದ್ರೆ ಏನೂ ಇರಲ್ಲ."

"ನೋವಾಗಲ್ವಾ?"

"ಗೊತ್ತಿಲ್ಲ ಅಕ್ಕ. ಅದನ್ನ ಅಳೆಯೋಕೆ ಬರಲ್ಲ."

ಅಕ್ಕ ನಾಲ್ಕನೇ ಸಾಲಿನ ಮುಂದೆ ಬಗ್ಗಿದಳು. ಮೂವತ್ತಾರು ವರ್ಷ ಅವಳ ಕೆಲಸವೇ ಅದು. ಬಿಳಿ ದೀಪದ ಪರದೆಯ ಮುಂದೆ ಬಾಟಲಿಗಳು ಸಾಲಾಗಿ ಹಾದುಹೋಗುತ್ತವೆ. ಬಿರುಕು, ಗುಳ್ಳೆ, ಗಾಜಿನೊಳಗೆ ಸಿಕ್ಕಿಕೊಂಡ ಕಸ, ಕಂಡ ಕೂಡಲೇ ಎತ್ತಿ ಪಕ್ಕಕ್ಕಿಡಬೇಕು. ಬೇರೆಯವರಿಗೆ ಹತ್ತು ವರ್ಷಕ್ಕೆ ಕಣ್ಣು ಮಂಜಾಗುತ್ತಿತ್ತು. ಅಕ್ಕನಿಗೆ ಈಗಲೂ ಕನ್ನಡಕವಿಲ್ಲ. ಗಾಜಿನ ಮೇಲಿರುವುದು ಏನೂ ಅವಳ ಕಣ್ಣು ತಪ್ಪುವುದಿಲ್ಲ ಎಂದು ಕಾರ್ಖಾನೆಯವರು ಒಂದು ಬೆಳ್ಳಿಯ ಬಟ್ಟಲು ಕೊಟ್ಟಿದ್ದರು. ಆಮೇಲೆ ಅವಳ ಜಾಗಕ್ಕೆ ಕ್ಯಾಮೆರಾ ತಂದಿಟ್ಟಿದ್ದರು.

"ಪುಟ್ಟಾ" ಎಂದಳು, ಕೊಳವೆಯಿಂದ ಕಣ್ಣು ತೆಗೆಯದೆ. "ಒಂದು ಮಾತು ಕೇಳಲಾ?"

ಕೋಣೆಯ ಮಾತೇ ಇರಬೇಕು.

"ಆಮೇಲೆ ಅಕ್ಕ."

"ಅದಲ್ಲ, ಈ ನಾಲ್ಕನೇ..."

"ಆಮೇಲೆ ಅಂದ್ನಲ್ಲ. ಈಗ ಕೆಲಸ ಇದೆ."

ಅವಳು ಅವನ ಮುಖವನ್ನೊಮ್ಮೆ ನೋಡಿ, ಯಾಕೋ ಸಣ್ಣಗೆ ನಕ್ಕು, ಸ್ಟೂಲಿಗೆ ಹೋಗಿ ಕೂತಳು. ಆ ನಗು ಅವನಿಗೆ ಇಡೀ ಬೆಳಿಗ್ಗೆ ಕಿರಿಕಿರಿ ಮಾಡಿತು. ಯಾವುದೋ ಒಳ್ಳೆಯ ಕೆಲಸ ಮಾಡುತ್ತಾ ಸಿಕ್ಕಿಬಿದ್ದ ಹುಡುಗನನ್ನು ನೋಡಿ ನಗುವ ನಗು ಅದು.

ಊಟಕ್ಕೆ ಮೊದಲು ಹೇಳಲಾಗಲಿಲ್ಲ. ಕ್ಯಾಂಟೀನಿನಲ್ಲಿ ಮೂಲೆಯ ಮೇಜು ಹಿಡಿದ. ಸಹೋದ್ಯೋಗಿಯೊಬ್ಬ ಬಂದು "ಅಮ್ಮನಾ?" ಎಂದು ಕೇಳಿದ. "ಅಕ್ಕ" ಎಂದ ಅವನು. ಸಹೋದ್ಯೋಗಿ ತಪ್ಪಾಯಿತೆಂದು ನಾಲಿಗೆ ಕಚ್ಚಿಕೊಂಡ. "ಎರಡೂ ಒಂದೇ ಬಿಡಿ" ಎಂದು ಅಕ್ಕ ನಗೆಯಾಡಿದಳು. ಅವನು ನಗಲಿಲ್ಲ.

ಅವಳು ತನ್ನ ತಟ್ಟೆಯಲ್ಲಿದ್ದ ಬೇಯಿಸಿದ ಮೊಟ್ಟೆಯ ಸಿಪ್ಪೆ ಬಿಡಿಸಿದಳು. ಒಂದು ಚೂರೂ ಅಂಟಿರದಂತೆ ಬಿಡಿಸಿ, ಏನೂ ಯೋಚಿಸದೆ ಅವನ ತಟ್ಟೆಗೆ ಹಾಕಿದಳು.

"ನನಗೆ ಬೇಡ. ನೀನು ತಿನ್ನು."

"ನನಗೆ ಸೇರಲ್ಲ, ಗೊತ್ತಲ್ಲ."

ಗೊತ್ತಿತ್ತು. ಅಪ್ಪ ಅಮ್ಮ ಒಂದೇ ವರ್ಷದಲ್ಲಿ ತೀರಿಹೋದಾಗ ಅವನಿಗೆ ಎಂಟು, ಅವಳಿಗೆ ಇಪ್ಪತ್ತು. ಕುಲುಮೆಯ ಕಾವು ತಾಗುವ ಕಡೆ ದುಡಿಯುವವರಿಗೆಲ್ಲ ಕಾರ್ಖಾನೆ ದಿನಕ್ಕೊಂದು ಬೇಯಿಸಿದ ಮೊಟ್ಟೆ ಕೊಡುತ್ತಿತ್ತು. ಅಲ್ಲೇ ತಿನ್ನಬೇಕು, ಹೊರಗೆ ಒಯ್ಯುವಂತಿಲ್ಲ. ಅವಳು ಅದನ್ನು ಕರವಸ್ತ್ರದಲ್ಲಿ ಸುತ್ತಿ, ಕಾವಲುಗಾರನ ಕಣ್ಣು ತಪ್ಪಿಸಿ ತರುತ್ತಿದ್ದಳು. ಸೇರುವುದಿಲ್ಲ ಎನ್ನುವ ಮಾತು ಅಂದಿನದು. ಇಷ್ಟು ವರ್ಷದಲ್ಲಿ ಅದು ನಿಜವೂ ಆಗಿಹೋಗಿರಬೇಕು.

ಅವನು ಮೊಟ್ಟೆ ತಿಂದ. ಮೇಲೆ ನೀರು ಕುಡಿದ.

ಕೃತಜ್ಞತೆ ಒಂದು ಕೆಲಸ, ರಜೆಯಿಲ್ಲದ ಕೆಲಸ ಎಂದು ಅವನು ಯಾವಾಗಲೋ ತನಗೆ ತಾನೇ ಹೇಳಿಕೊಂಡಿದ್ದ. ಹೆಂಡತಿಗೆ, ಸಹೋದ್ಯೋಗಿಗಳಿಗೆ, ನೆರೆಮನೆಯವರಿಗೆ ಅವನು ಇಪ್ಪತ್ತೈದನೇ ವಯಸ್ಸಿನಲ್ಲಿ ಹುಟ್ಟಿದವನು. ಅದರ ಹಿಂದಿನವನನ್ನು ಬಲ್ಲವಳು ಇವಳೊಬ್ಬಳೇ. ಇವಳು ಮೂರನೆಯ ಕೋಣೆಗೆ ಬಂದರೆ, ಆ ಹಳೆಯವನೂ ಇವಳ ಹಿಂದೆ ಟ್ರಂಕು ಹಿಡಿದು ಬಂದುಬಿಡುತ್ತಾನೆ.

ಅದರಲ್ಲೂ ಆ ಹನ್ನೊಂದು ವರ್ಷದವನು.

ಆಗ ಕುಲುಮೆಯ ಮೇಸ್ತ್ರಿ ಮೂರು ಭಾನುವಾರ ಮನೆಗೆ ಬಂದಿದ್ದ. ಮೊದಲನೆಯ ಸಲ ಬಾಗಿಲ ಕೀಲು ಸರಿಮಾಡಿಕೊಟ್ಟ. ಎರಡನೆಯ ಸಲ ಅವನಿಗೊಂದು ಪೆನ್ನು ತಂದ. ಮೂರನೆಯ ಸಲ ಅಕ್ಕ ಹೊಸ ಬಟ್ಟೆ ಉಟ್ಟಿದ್ದಳು, ಮತ್ತು ಮೇಸ್ತ್ರಿ ತಗ್ಗಿದ ದನಿಯಲ್ಲಿ, ಹುಡುಗನನ್ನು ಹಾಸ್ಟೆಲಿಗೆ ಹಾಕಿದರೂ ಆಗುತ್ತದಲ್ಲ, ಭಾನುವಾರ ಭಾನುವಾರ ಕರೆತರೋಣ ಎಂದಿದ್ದ. ಅವನು ಬಾಗಿಲ ಹಿಂದೆ ನಿಂತು ಕೇಳಿದ್ದ. ಅಂದು ರಾತ್ರಿ ಉಣ್ಣಲಿಲ್ಲ. ಮರುದಿನ ಉಣ್ಣಲಿಲ್ಲ. ಹೊಟ್ಟೆನೋವು ಎಂದ. ಅದರ ಮರುದಿನ ಶಾಲೆಯಲ್ಲಿ ತಲೆತಿರುಗಿ ಬಿದ್ದ. ಅಕ್ಕ ಕೆಲಸ ಬಿಟ್ಟು ಓಡಿಬಂದು, ಅವನನ್ನು ಎತ್ತಿಕೊಂಡು ಮನೆಗೆ ಒಯ್ದಳು. ನಾಲ್ಕನೆಯ ಭಾನುವಾರ ಮೇಸ್ತ್ರಿ ಬರಲಿಲ್ಲ. ಅವನು ಉಂಡ. ಎರಡು ಸಲ ಬಡಿಸಿಕೊಂಡು ಉಂಡ.

ಅವಳಿಗೆ ಗೊತ್ತಿತ್ತೋ ಇಲ್ಲವೋ ಅವನಿಗೆ ಇಂದಿಗೂ ತಿಳಿಯದು. ಗೊತ್ತಿಲ್ಲವೆಂದು ನಂಬುವುದು ಅವನಿಗೆ ಅಭ್ಯಾಸವಾಗಿತ್ತು.

"ಅಕ್ಕ" ಎಂದ, ತಟ್ಟೆ ನೋಡುತ್ತಾ.

"ಹೇಳು."

"ನೀನು ಫೋನಲ್ಲಿ ಕೇಳಿದ್ಯಲ್ಲ."

"ಹೂಂ."

"ನನಗೇನೂ ಇಲ್ಲ. ಅವಳಿಗೆ ಸ್ವಲ್ಪ... ನಿನ್ನ ಮೇಲೆ ಏನಿಲ್ಲ. ಜಾಗ, ಅಡುಗೆಮನೆ, ಅವಳ ಶಾಲೆ, ಅದೂ ಇದೂ. ಅವಳಿಗೆ ಅಷ್ಟು ಮನಸ್ಸಿಲ್ಲ."

ಅಕ್ಕನ ಕೈ ಲೋಟದ ಮೇಲೆ ನಿಂತಿತು.

"ಅವಳು ಹಾಗಂದ್ಲಾ?"

"ಬಾಯಿಬಿಟ್ಟು ಅನ್ನಲಿಲ್ಲ. ನನಗೆ ಗೊತ್ತಾಗಲ್ವಾ?"

"ಹೌದಾ" ಎಂದಳು. ಲೋಟ ಪಕ್ಕಕ್ಕಿಟ್ಟು, "ಅವಳನ್ನ ಬಯ್ಯಬೇಡ ಪುಟ್ಟಾ. ಒಳ್ಳೆ ಹುಡುಗಿ" ಎಂದಳು.

"ಇನ್ನೂ ತೀರ್ಮಾನ ಏನೂ ಆಗಿಲ್ಲ" ಎಂದ ಅವನು ಅವಸರದಿಂದ. ತೀರ್ಮಾನ ತಿಳಿಸಲೆಂದೇ ಬಾಯಿ ತೆರೆದವನು ಹೀಗೆಂದದ್ದು ಅವನಿಗೇ ಹೇಸಿಗೆಯಾಯಿತು.

ಎರಡು ಗಂಟೆಗೆ ವಿಭಾಗದ ಮುಖ್ಯಸ್ಥರ ಕೋಣೆಯಲ್ಲಿ ಸಭೆ. ಅಕ್ಕನನ್ನು ಕಡಜದ ಕೋಣೆಯಲ್ಲೇ ಕೂರಿಸಿ ಹೋದ. ಮುಖ್ಯಸ್ಥರು ಅವನ ನಕ್ಷೆಗಳನ್ನು ಮಗುಚಿ ಹಾಕಿದರು. ಹೊಟ್ಟೆ ತುಂಬಿದ ಕಡಜ ಇಟ್ಟ ಮೊಟ್ಟೆ ನೂರಾ ನಲವತ್ತು. ಉಪವಾಸದ್ದು ಆರು. ಮುಖ್ಯಸ್ಥರಿಗೆ ಆ ಆರು ಬಹಳ ಹಿಡಿಸಿತು.

"ಇಡೀ ವರದಿ ನಿಂತಿರೋದು ನಿಮ್ಮ ಈ ಉಪವಾಸದವರ ಮೇಲೇ ಕಣ್ರೀ" ಎಂದು ನಕ್ಕರು. "ನಾಲ್ಕು ಸಲ ಮಾಡಿದ್ದೀರಿ. ಐದನೇದು ಯಾವಾಗ ಮುಗಿಯತ್ತೆ?"

"ನಾಡಿದ್ದು ಸರ್. ಈಗ ನಡೀತಾ ಇದೆ."

"ನೋಡ್ಕೊಳ್ಳಿ. ಶುಕ್ರವಾರ ಕಳಿಸ್ಲೇಬೇಕು."

ಮೂರೂವರೆಗೆ ವಾಪಸು ಬಂದ. ಅಕ್ಕ ಕಿಟಕಿಯ ಬಳಿ ನಿಂತು ಹೊರಗೆ ನೋಡುತ್ತಿದ್ದಳು. ಅವನು ನೀರಿನ ಹತ್ತಿ ಬದಲಿಸಲೆಂದು ನಾಲ್ಕನೇ ಸಾಲಿನ ಸ್ಟ್ಯಾಂಡು ಎತ್ತಿ ದೀಪದ ಕೆಳಗಿಟ್ಟ.

ಗಾಜಿನ ಒಳಗೋಡೆಯಲ್ಲಿ ಹೊಳೆಯುವ ಗೆರೆ. ಪಕ್ಕದ ಕೊಳವೆಯಲ್ಲೂ. ಅದರ ಪಕ್ಕದ್ದರಲ್ಲೂ. ಇಪ್ಪತ್ತಕ್ಕೆ ಇಪ್ಪತ್ತರಲ್ಲೂ ಜೇನು. ಉಪವಾಸವಿರಬೇಕಾದ ಕಡಜಗಳು ಗೆರೆಗೆ ಬಾಯಿ ಹಚ್ಚಿಕೊಂಡು, ಹೊಟ್ಟೆ ಹಳದಿಯಾಗಿ, ರೆಕ್ಕೆ ಉಜ್ಜಿಕೊಳ್ಳುತ್ತಾ ಆರಾಮವಾಗಿದ್ದವು.

ಇದನ್ನು ಮತ್ತೆ ಮೊದಲಿಂದ ಮಾಡಲು ಹತ್ತು ದಿನ ಬೇಕು.

"ಯಾರು ಹಾಕಿದ್ದು ಇದನ್ನ?"

ಅಕ್ಕ ತಿರುಗಿದಳು.

"ಏನು?"

"ಜೇನು! ನಾಲ್ಕನೇ ಸಾಲಿಗೆ ಜೇನು ಹಾಕಿದ್ದು ಯಾರು? ಈ ಕೋಣೇಲಿ ಇದ್ದದ್ದು ನೀನೊಬ್ಬಳೇ!"

ಅವಳು ಕೊಳವೆಗಳ ಕಡೆ ನೋಡಿದಳು. ಆಮೇಲೆ ಅವನ ಕಡೆ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಅವನ ಮುಖದಲ್ಲಿ ಏನು ಕಂಡಿತೋ, ತೆರೆದ ಬಾಯನ್ನು ಮುಚ್ಚಿದಳು. ಅವಳ ಕಣ್ಣು ಅವನ ಮೇಲೆ ಸ್ವಲ್ಪ ಹೆಚ್ಚೇ ಹೊತ್ತು ನಿಂತಿತ್ತು ಎಂದು ಅವನಿಗೆ ಆಮೇಲೆ ನೆನಪಾಗಲಿತ್ತು.

"ನಾನೇ" ಎಂದಳು.

"ಯಾಕೆ?"

"ಹಸಿದಿದ್ವು. ನೋಡೋಕಾಗ್ಲಿಲ್ಲ."

ಅವನೊಳಗೆ ಏನೋ ಕಟ್ಟೆ ಒಡೆಯಿತು. ಬೆಳಗಿನಿಂದ ಜೋಡಿಸಿಯೂ ಕೂಡಿಬರದ ವಾಕ್ಯಗಳೆಲ್ಲ ಒಂದರ ಹಿಂದೆ ಒಂದು ತಾವಾಗಿ ಬಂದವು.

"ನಿನಗೆ ಯಾವತ್ತೂ ನೋಡೋಕಾಗಲ್ಲ. ಅದೇ ನಿನ್ನ ತೊಂದರೆ. ಯಾರೂ ಹಸಿದಿರಬಾರದು, ಎಲ್ಲರ ಬಾಯಿಗೂ ನೀನೇ ತುರುಕಬೇಕು. ಕೇಳಿದ್ರಾ ನಿನ್ನನ್ನ? ಯಾರಾದ್ರೂ ಕೇಳಿದ್ರಾ? ನಾನು ಕೇಳಿದ್ನಾ? ಐದು ತಿಂಗಳ ಕೆಲಸ ಅಕ್ಕ ಇದು. ನನ್ನ ಕೆಲಸ. ನೀನು ಇದ್ದ ಕಡೆ ನನ್ನದು ಅಂತ ಏನೂ ಇರಲ್ಲ. ಇದಕ್ಕೇ ಆಗಲ್ಲ ಅನ್ನೋದು. ನೀನು ನಮ್ಮನೇಲಿ ಇರೋಕಾಗಲ್ಲ. ಸದ್ಯಕ್ಕಲ್ಲ, ಯಾವತ್ತೂ ಆಗಲ್ಲ."

ಹೇಳಿಯಾಯಿತು. ಎಷ್ಟು ಸಲೀಸಾಗಿ ಹೇಳಿದೆನಲ್ಲ ಎಂದು ಅವನಿಗೆ ಅಚ್ಚರಿ. ಮೈ ಹಗುರಾಯಿತು. ಇಪ್ಪತ್ತು ಕೊಳವೆ ಹಾಳಾದದ್ದಕ್ಕೆ ಒಳಗೊಳಗೇ ಒಂದು ಸಣ್ಣ ಸಂತೋಷವೂ ಆಯಿತು. ಅದನ್ನು ಅವನು ತಕ್ಷಣ ಗುರುತಿಸಿದ, ವಿಜ್ಞಾನಿ ತಾನೇ.

ಅಕ್ಕ ಅಳಲಿಲ್ಲ. ಸ್ಟೂಲಿನ ಪಕ್ಕದಲ್ಲಿದ್ದ ಚೀಲ ಎತ್ತಿಕೊಂಡಳು.

"ಆರೂವರೆಗೆ ಒಂದು ಬಸ್ಸಿದೆ" ಎಂದಳು. "ಬರೋವಾಗ ಕೇಳ್ಕೊಂಡು ಬಂದಿದ್ದೆ."

"ಈಗ್ಲೇ ಯಾಕೆ? ಮನೆಗೆ ಬಂದು ನಾಳೆ..."

"ಬೇಡ. ಮನೆ ಖಾಲಿ ಮಾಡೋ ಕೆಲಸ ಇದೆಯಲ್ಲ."

"ಎಲ್ಲಿಗೆ ಹೋಗ್ತೀಯ, ತಿಂಗಳು ಮುಗಿದ ಮೇಲೆ?"

"ಕಾರ್ಖಾನೇಲಿ ನಮ್ಮ ಲೈನಿನವಳು ಒಬ್ಬಳಿದ್ದಾಳೆ. ಹಿಂದುಗಡೆ ಒಂದು ಕೋಣೆ ಇದೆ ಅಂತಿದ್ಲು." ಈ ಮಾತನ್ನು ಅವಳು ಚೀಲದ ಜಿಪ್ಪು ನೋಡುತ್ತಾ ಹೇಳಿದಳು.

"ನಿಲ್ದಾಣದ ತನಕ ಬರಲಾ?"

"ಕೆಲಸ ನೋಡ್ಕೋ. ದಾರಿ ಗೊತ್ತು ನನಗೆ."

ಬಾಗಿಲವರೆಗೆ ಹೋಗಿ ನಿಂತಳು.

"ಪುಟ್ಟಾ, ಈ ಸಿಟ್ಟಲ್ಲಿ ರಾತ್ರಿ ಊಟ ಬಿಡಬೇಡ. ಚಿಕ್ಕವನಿದ್ದಾಗಿಂದ ನಿನಗೆ ಅದೊಂದು ಚಾಳಿ." ದನಿಯಲ್ಲಿ ಎಳ್ಳಷ್ಟೂ ಕಹಿಯಿರಲಿಲ್ಲ. "ಆಗ ನೀನು ಬಾಯಿಬಿಟ್ಟು ಕೇಳಿದ್ರೇ ಸಾಕಾಗಿತ್ತು. ಉಪವಾಸ ಕೂರಬೇಕಾಗಿರ್ಲಿಲ್ಲ."

ಬಾಗಿಲು ಮುಚ್ಚಿಕೊಂಡಿತು. ಮೊಣಕಾಲು ನೋವಿನವಳು ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಊರಿ ಇಳಿಯುವ ಸದ್ದು ಕೇಳಿಸಿತು. ಒಂದು ಮಹಡಿ. ಎರಡನೆಯ ಮಹಡಿ. ಅವನು ನಿಂತೇ ಇದ್ದ. ಗೊತ್ತಿತ್ತು ಹಾಗಾದರೆ. ಮೂವತ್ಮೂರು ವರ್ಷದಿಂದ ಗೊತ್ತಿತ್ತು.

ಅವನು ಕೂತ. ಎದ್ದ. ಮಾಡುವುದಕ್ಕೆ ಬೇರೇನೂ ತೋಚದೆ ಮೂರನೇ ಸಾಲಿನ ಹುಳುಗಳ ಮೇಲಿದ್ದ ಮೊಟ್ಟೆಗಳನ್ನು ಎಣಿಸಿದ. ಮತ್ತೊಮ್ಮೆ ಎಣಿಸಿದ. ಅಂಕಿಗಳು ಚೆನ್ನಾಗಿದ್ದವು.

ಆರಕ್ಕೆ ಐದು ನಿಮಿಷವಿರುವಾಗ ಅಟೆಂಡರ್ ಬಂದ. ಐವತ್ತೆಂಟು ವರ್ಷದವನು, ಯಾವ ಸಾಲು ಯಾವ ತಾರೀಖು ಹೊರಬಂತು, ಯಾವುದಕ್ಕೆ ಯಾವಾಗ ಊಟ, ಎಲ್ಲ ಬಾಯಿಪಾಠವಾಗಿದ್ದರಿಂದ ಎಲ್ಲರೂ ಅವನನ್ನು ಕ್ಯಾಲೆಂಡರ್ ಎನ್ನುತ್ತಿದ್ದರು. ದಿನದ ಕೊನೆಗೆ ಊಟದ ಪುಸ್ತಕ ನೋಡಿ, ಬೀಗ ಹಾಕಿಕೊಂಡು ಹೋಗುವುದು ಅವನ ಕೆಲಸ. ಯಾರು ಯಾವ ಸಾಲಿಗೆ ಏನು ಕೊಟ್ಟರೂ ಅಲ್ಲೇ, ಆಗಲೇ, ಸಮಯ ಹಾಕಿ ಬರೆದು ಸಹಿ ಮಾಡಬೇಕು. ಬರೆಯದೆ ಯಾರೂ ಸೂಜಿ ಕೆಳಗಿಡುವಂತಿಲ್ಲ. ಆ ನಿಯಮ ಮಾಡಿದ್ದು ಅಟೆಂಡರ್ ಅಲ್ಲ, ಅವನು.

"ಸಾರ್, ಪ್ಲಾನ್ ಏನಾದ್ರೂ ಬದಲಾಯ್ತಾ?" ಎಂದ ಕ್ಯಾಲೆಂಡರ್.

"ಯಾಕೆ?"

"ನಾಲ್ಕನೇ ಸಾಲಿಗೂ ಜೇನು ಅಂತಿದೆ. ನೀರು ಅಲ್ವಾ ಅದಕ್ಕೆ?"

"ಎಲ್ಲಿದೆ?"

ಕ್ಯಾಲೆಂಡರ್ ಪುಸ್ತಕವನ್ನು ಅವನ ಕಡೆ ತಿರುಗಿಸಿದ. ಒಂದನೇ ಸಾಲು, ಜೇನು. ಮೂರನೇ ಸಾಲು, ಜೇನು. ನಾಲ್ಕನೇ ಸಾಲು, ಜೇನು, ಇಪ್ಪತ್ತು ಕೊಳವೆ. ಒಂಬತ್ತೂ ನಲವತ್ತು. ನೀಲಿ ಶಾಯಿ. ಅವನದೇ ಬರವಣಿಗೆ. ಕೆಳಗೆ ಅವನ ಸಹಿ, ತುದಿಯಲ್ಲಿ ಎಂದಿನಂತೆ ಅವಸರದ ಚುಕ್ಕೆ.

ಅವನು ಓದಿದ. ಇನ್ನೊಮ್ಮೆ ಓದಿದ. ಒಂಬತ್ತೂ ನಲವತ್ತಕ್ಕೆ ಅವನು ಬೆನ್ನು ಹಾಕಿ ನಿಂತು, 'ಅಕ್ಕ, ನಮ್ಮ ಮನೆ ಚಿಕ್ಕದು' ಎನ್ನುವ ವಾಕ್ಯವನ್ನು ತಿದ್ದುತ್ತಿದ್ದ. ಕೈ ತನ್ನ ಪಾಡಿಗೆ ಗೆರೆ ಎಳೆಯುತ್ತಾ ಹೋಗಿತ್ತು.

ಅವಳು ನೋಡಿದ್ದಳು. ಗಾಜಿನ ಮೇಲಿರುವುದು ಅವಳ ಕಣ್ಣು ತಪ್ಪುವುದೆಂದರೇನು? ಕೇಳಲೂ ಬಂದಿದ್ದಳು. ಅವನು ಬಾಯಿ ಮುಚ್ಚಿಸಿದಾಗ, ತಮ್ಮ ಕದ್ದು ಕನಿಕರ ತೋರಿಸುತ್ತಿದ್ದಾನೆಂದು ತಿಳಿದು ನಕ್ಕಿದ್ದಳು. ಆಮೇಲೆ ಅವನು ಕೂಗಾಡಿದಾಗ ಅವಳಿಗೆ ಎರಡೂ ತಿಳಿದಿರಬೇಕು: ಅದು ಕನಿಕರವಲ್ಲ, ಮರೆವು. ಮತ್ತು ತಮ್ಮನಿಗೆ ಈಗ ಬೇಕಾಗಿರುವುದು ಜೇನು ಹಾಕಿದವರಲ್ಲ, ಒಂದು ಕಾರಣ. ಅದನ್ನು ಅವಳೇ ಅವನ ತಟ್ಟೆಗೆ ಹಾಕಿ ಹೋಗಿದ್ದಳು.

"ಬದಲಾಗಿಲ್ಲ" ಎಂದ ಅವನು. "ನನ್ನ ತಪ್ಪು."

"ಆಗತ್ತೆ ಬಿಡಿ ಸಾರ್. ಹಾಗಾದ್ರೆ ಇವನ್ನ ಫ್ರೀಜರಿಗೆ ಹಾಕಿಬಿಡ್ತೀನಿ?" ಹಾಳಾದ ಸಾಲನ್ನು ಚಳಿಯಲ್ಲಿಟ್ಟು ಕೊಲ್ಲುವುದು ಅಲ್ಲಿನ ಪದ್ಧತಿ.

"ನಾನು ಹಾಕ್ತೀನಿ. ನೀವು ಹೊರಡಿ."

ಕ್ಯಾಲೆಂಡರ್ ಹೋದ. ಫೋನು ಬಡಿದುಕೊಂಡಿತು. ಹೆಂಡತಿ.

"ರೀ, ಎಲ್ಲಿದ್ದೀರಿ? ಅಕ್ಕನ್ನ ಕರ್ಕೊಂಡು ಬೇಗ ಬರಬಾರದಾ? ಬೆಳಗಿಂದ ಆ ವಾಸನೇಲಿ ಕೂರಿಸ್ಕೊಂಡಿದ್ದೀರಲ್ಲ."

"ಹೂಂ."

"ಅವರಿಗೆ ಕೋಣೆ ತೋರಿಸ್ಬೇಕು. ನಿಮ್ಮ ಪತ್ರಿಕೆ ಎಲ್ಲಾ ಕಟ್ಟಿ ಅಟ್ಟಕ್ಕೆ ಹಾಕಿಸಿದ್ದೀನಿ, ಬಯ್ಯಬೇಡಿ. ಮಂಚ ಕಿಟಕಿ ಹತ್ರ ಹಾಕಿದ್ದೀನಿ. ಅವರಿಗೆ ಬೆಳಕು ಬೇಕಲ್ಲ."

"ಯಾವಾಗ..."

"ಹೋದ ಭಾನುವಾರಾನೇ ಫೋನ್ ಮಾಡಿ ಹೇಳಿದ್ನಲ್ಲ ಅವರಿಗೆ. ಸುಮ್ನೆ ಬಂದುಬಿಡಿ, ನಿಮ್ಮ ತಮ್ಮನ್ನೇನು ಕೇಳೋದು ಅಂದೆ. ಎಷ್ಟು ಖುಷಿಯಾಯ್ತು ಗೊತ್ತಾ? ಅತ್ತೇಬಿಟ್ರು. ನಿಮಗೆ ಹೇಳ್ಲಿಲ್ವಾ?"

ಅವಳಿಗೆ ಮನಸ್ಸಿಲ್ಲ ಎಂದು ಅವನು ಮೊಟ್ಟೆ ನುಂಗಿ ಹೇಳಿದಾಗ ಅಕ್ಕನ ಕೈ ಲೋಟದ ಮೇಲೆ ನಿಂತಿತ್ತು. ಅವಳನ್ನ ಬಯ್ಯಬೇಡ ಎಂದಿದ್ದಳು. ಅವನ ಸುಳ್ಳನ್ನು ಅವನೆದುರಿಗೆ ಬಯಲು ಮಾಡದೆ, ಅದಕ್ಕೊಂದು ಹೊದಿಕೆಯನ್ನೂ ಹೊದಿಸಿದ್ದಳು. ಅವನಿಗೆ ಅಳು ಬಂತು. ಎಷ್ಟೋ ವರ್ಷದ ಮೇಲೆ ಬಂದ ಅಳು. ಹೇಗೆ ಅಳುವುದೆಂದು ಮರೆತುಹೋಗಿತ್ತು.

"ಹಲೋ? ಅಕ್ಕನಿಗೆ ಕೊಡಿ ಫೋನು."

ಗೋಡೆಯ ಗಡಿಯಾರದಲ್ಲಿ ಆರೂ ಹತ್ತು. ನಿಲ್ದಾಣಕ್ಕೆ ನಡೆದರೆ ಹನ್ನೆರಡು ನಿಮಿಷ. ಓಡಿದರೆ ಆರು. ಅಕ್ಕ ಈಗ ಬೆಂಚಿನ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾಳೆ. ಓಡಿಹೋಗಿ ಎದುರು ನಿಂತರೆ ಏನೆನ್ನುತ್ತಾಳೆಂದೂ ಗೊತ್ತು. ಯಾಕೋ ಓಡಿಬಂದೆ, ನಿನಗೆ ಮೊದಲೇ ಕೆಮ್ಮು ಎನ್ನುತ್ತಾಳೆ. ಬಾ ಎಂದರೆ ಬಂದುಬಿಡುತ್ತಾಳೆ. ಅದೇ, ಬಂದುಬಿಡುತ್ತಾಳೆ.

"ರೀ, ಕೇಳಿಸ್ತಿದೆಯಾ?"

"ಒಂದು ನಿಮಿಷ" ಎಂದ.

ಅವನ ಇನ್ನೊಂದು ಕೈಯಲ್ಲಿ ನಾಲ್ಕನೇ ಸಾಲಿನಿಂದ ಎತ್ತಿದ ಒಂದು ಕೊಳವೆ ಇತ್ತು. ಯಾವಾಗ ಎತ್ತಿಕೊಂಡನೋ ತಿಳಿಯದು. ಫ್ರೀಜರಿನ ಬಾಗಿಲು ಎರಡು ಹೆಜ್ಜೆ ದೂರದಲ್ಲಿತ್ತು. ಅವನು ಕೊಳವೆಯನ್ನು ದೀಪಕ್ಕೆ ಹಿಡಿದ.

ಕಡಜ ಜೇನಿನ ಗೆರೆ ಬಿಟ್ಟು ಮೇಲಕ್ಕೆ ಹತ್ತಿ ಬಿರಡೆಯ ಹತ್ತಿಯ ಮೇಲೆ ನಿಂತಿತ್ತು. ಇಡೀ ದಿನ ಉಂಡ ಹೊಟ್ಟೆ ಬಿಗಿದುಕೊಂಡಿತ್ತು. ಕೊಳವೆಯಲ್ಲಿ ಹುಳುವಿರಲಿಲ್ಲ, ನಾಲ್ಕನೇ ಸಾಲಿಗೆ ಹುಳು ಹಾಕುವುದು ಕೊನೆಯ ದಿನ ಮಾತ್ರ. ಅದು ಮೀಸೆಯಿಂದ ಹತ್ತಿಯನ್ನು ತಟ್ಟಿತು. ಅಲ್ಲೂ ಇಲ್ಲೂ ತಟ್ಟಿತು. ಆಮೇಲೆ ಬೆನ್ನು ಬಾಗಿಸಿ, ಬಾಲದ ಸೂಜಿಯನ್ನು ಹತ್ತಿಯೊಳಗೆ ಇಳಿಸಿ, ಅಲುಗಾಡದೆ ನಿಂತಿತು.

ಸೂಜಿ ಹೊರಬಂದಾಗ ಎಳೆಗಳ ನಡುವೆ ಒಂದು ಮೊಟ್ಟೆ ಉಳಿದಿತ್ತು. ಬೆಳ್ಳಗಿತ್ತು, ಸರಿಯಾದ ಆಕಾರದಲ್ಲಿತ್ತು, ಯಾವ ಕೊರತೆಯೂ ಇರಲಿಲ್ಲ.

ಕಿವಿಯಲ್ಲಿ ಹೆಂಡತಿ ಮತ್ತೆ ಕರೆದಳು. ಕಡಜ ಒಂದು ಹೆಜ್ಜೆ ಸರಿದು, ಪಕ್ಕದ ಹತ್ತಿಯನ್ನು ತಟ್ಟಿ ನೋಡಿ, ಮತ್ತೆ ಬಾಗಿತು.